ಮೂರು ಕಾಲಿನ ಕುರ್ಚಿ

ಮನೆಯಲ್ಲೇ ಕೂತು ಬರೆಯುವವನಿಗೆ ಮೇಲಧಿಕಾರಿಗಳ ಕಾಟವಿಲ್ಲ ಎಂದು ನಿಮಗೆ ಯಾರು ಹೇಳಿದರೋ ಕಾಣೆ. ಹಲ್ಲಿನ ಡಾಕ್ಟರು, ಟ್ಯೂಷನ್ ಮೇಷ್ಟ್ರು, ಕುರ್ಚಿ ಮೇಜು ಮಾರುವ ಸಾಹುಕಾರರು, ಎಲ್ಲರೂ ನನಗೆ ಮೇಲಧಿಕಾರಿಗಳೇ. ಎಲ್ಲರ ಜಾಹೀರಾತೂ ನಮ್ಮ ಊಟದ ಮೇಜಿನ ಮೇಲೇ ಜನ್ಮ ತಾಳುತ್ತದೆ (ಕೆಲವಕ್ಕೆ ಎಣ್ಣೆಯ ಕಲೆ ಇರುವುದು ಅದಕ್ಕೇ). ಬರೆದದ್ದನ್ನು ಒಂದಿಷ್ಟು ತಿದ್ದದಿದ್ದರೆ ಇವರಲ್ಲಿ ಒಬ್ಬರಿಗೂ ಸಮಾಧಾನವಿಲ್ಲ.

ಇದಕ್ಕೆ ನಾನೊಂದು ದಿವ್ಯಸೂತ್ರ ಕಂಡುಹಿಡಿದಿದ್ದೆ. ಪ್ರತಿ ಬರಹದಲ್ಲೂ ಎದ್ದು ಕಾಣುವಂಥ ಒಂದು ತಪ್ಪನ್ನು ನಾನೇ ಇಟ್ಟು ಕಳಿಸುವುದು. ಗಿರಾಕಿ ಅದನ್ನು ಹಿಡಿದು ಹಿಗ್ಗುತ್ತಾನೆ, ಉಳಿದದ್ದನ್ನು ಅದರ ಪಾಡಿಗೆ ಬಿಡುತ್ತಾನೆ. ಸಾಹುಕಾರರಂತೂ ತಪ್ಪು ಸಿಕ್ಕ ಕೂಡಲೇ ಫೋನ್ ಮಾಡಿ, ತಾವಿಲ್ಲದಿದ್ದರೆ ನನ್ನ ಗತಿಯೇನು ಎಂದು ಮನಸಾರೆ ನಗುತ್ತಿದ್ದರು. ನಮ್ಮ ಮನೆ ನಡೆಯುವುದೇ ಅವರ ಕೆಲಸದಿಂದ. ಈ ಸೂತ್ರವನ್ನು ಹೆಂಡತಿಗೆ ವಿವರಿಸಿದಾಗ ಅವಳು ಬಟ್ಟೆ ಮಡಚುತ್ತ, ನೀವು ತುಂಬಾ ಬುದ್ಧಿವಂತರು ಬಿಡಿ ಎಂದಳು. ನಾನು ಅದನ್ನು ಹೊಗಳಿಕೆಯೆಂದೇ ತೆಗೆದುಕೊಂಡೆ.

ಮೊನ್ನೆ ಸಾಹುಕಾರರ ಹೊಸ ಕುರ್ಚಿಗೆ ಬರೆಯುವಾಗ, ‘ನಮ್ಮ ಕುರ್ಚಿಯ ಮೂರೂ ಕಾಲುಗಳು ಬಲು ಗಟ್ಟಿ’ ಎಂದು ಸೇರಿಸಿದೆ. ಮಧ್ಯಾಹ್ನ ಅವರ ಫೋನ್ ಬಂತು.

“ಇಷ್ಟು ದಿನ ನಿಮ್ಮನ್ನ ಸುಮ್ನೆ ಕಾಡಿಸ್ದೆ. ಈ ಸಲ ಓದ್ಲೇ ಇಲ್ಲ. ನಿಮ್ಮ ಮೇಲಿನ ನಂಬಿಕೆಯಿಂದ ಸೀದಾ ಪ್ರೆಸ್ಸಿಗೆ ಕಳಿಸ್ಬಿಟ್ಟೆ.”

ಊರ ತುಂಬ ಪೋಸ್ಟರು, ಪೋಸ್ಟರಿನ ತುಂಬ ಮೂರು ಕಾಲು! ಫೋನಿನಲ್ಲಿ ಹೇಳುವ ಧೈರ್ಯ ಬರಲಿಲ್ಲ. ವಿಷಯ ತಿಳಿದ ಹೆಂಡತಿ ಬಾಗಿಲು ತೆರೆದು, ಮೊದಲು ಓಡಿ, ಕಾರಣ ದಾರಿಯಲ್ಲಿ ಹುಡುಕಿಕೊಳ್ಳಿ ಎಂದು ನನ್ನನ್ನು ಹೊರಗೆ ದಬ್ಬಿದಳು. ಆದರೆ ದಾರಿಯಲ್ಲಿ ಒಂದು ಕಾರಣವೂ ಸಿಗಲಿಲ್ಲ.

ಅಂಗಡಿಯಲ್ಲಿ ಏದುಸಿರು ಬಿಡುತ್ತ ವಿಷಯ ಹೇಳಿದೆ. ಸಾಹುಕಾರರು ಪ್ರೆಸ್ಸಿಗೆ ಫೋನ್ ಮಾಡಿದರು. ಪುಣ್ಯಕ್ಕೆ ಅಚ್ಚು ಇನ್ನೂ ಶುರುವಾಗಿರಲಿಲ್ಲ. ಆ ನಿರಾಳದಲ್ಲಿ ನನ್ನ ನಾಲಿಗೆ ಜಾರಿತು.

“ನೀವು ಹಿಡೀತೀರಿ ಅಂತಾನೇ ಇಟ್ಟಿದ್ದೆ ಸಾರ್.”

ಅವರ ಮುಖ ಸಪ್ಪಗಾಯಿತು. “ಹಾಗಾದ್ರೆ ಇಷ್ಟು ದಿನ ನಾನು ಹಿಡಿದಿದ್ದೆಲ್ಲ ನೀವೇ ಇಟ್ಟಿದ್ದಾ? ಬರೆಯೋರ ತಪ್ಪು ನಾನು ತಿದ್ತೀನಿ ಅಂತ ಮೊಮ್ಮಗಳ ಹತ್ರ ಜಂಬ ಕೊಚ್ಕೋತಿದ್ದೆ.”

ನನಗೆ ನಿಜಕ್ಕೂ ಸಂಕಟವಾಯಿತು. ಕೆಲಸ ಹೋದರೆ ಇನ್ನೊಂದು ಹುಡುಕಬಹುದು. ಈ ಮನುಷ್ಯನ ಸಂತೋಷವನ್ನು ಎಲ್ಲಿಂದ ತಂದುಕೊಡಲಿ?

“ಇದೊಂದೇ ಸಾರ್ ನಾನು ಬೇಕಂತ ಇಟ್ಟಿದ್ದು. ಉಳಿದದ್ದೆಲ್ಲ ನನ್ನ ಸ್ವಂತ ತಪ್ಪು” ಎಂದೆ.

ಸಾಹುಕಾರರ ಮುಖ ಅರಳಿತು. ಅಷ್ಟೊಂದು ತಪ್ಪು ಮಾಡುವವನನ್ನು ನಂಬಿದ್ದೇ ತಪ್ಪಾಯಿತೆಂದು ಕನ್ನಡಕ ಏರಿಸಿ, ನನ್ನನ್ನು ಎದುರಿಗೆ ಕೂರಿಸಿಕೊಂಡು, ಸಂಜೆಯವರೆಗೂ ಸಾಲು ಸಾಲು ತಿದ್ದಿದರು. ಹುಡುಕಿ ಹುಡುಕಿ ಒಳ್ಳೆಯ ವಾಕ್ಯಗಳನ್ನೇ ತೆಗೆದರು. ನಾನು ಪ್ರತಿಯೊಂದಕ್ಕೂ ಥ್ಯಾಂಕ್ಸ್ ಹೇಳಿದೆ.

ಮನೆಗೆ ಬಂದು ಊಟಕ್ಕೆ ಕೂತೆ. ಎಂದಿನಂತೆ ಉಪ್ಪು ಸ್ವಲ್ಪ ಕಡಿಮೆ. ಎಂದಿನಂತೆ ನಾನು ಅದನ್ನು ಘೋಷಿಸಿದೆ. ಎಂದಿನಂತೆ ಅವಳು, ಅಯ್ಯೋ ಮರೆತೆ ನೋಡಿ ಎಂದು ಉಪ್ಪಿನ ಡಬ್ಬಿ ಮುಂದಿಟ್ಟಳು. ನಾನು ಹೇಳದಿದ್ದರೆ ಈ ಮನೆಯ ಗತಿ ಎಂದು ಶುರುಮಾಡಿದವನ ಕೈ ತಟ್ಟೆಯಲ್ಲೇ ನಿಂತಿತು. ತಲೆಯೆತ್ತಿ ನೋಡಿದೆ. ಅವಳು ಫ್ಯಾನು ನೋಡುತ್ತಿದ್ದಳು.

“ಎಷ್ಟು ದಿನದಿಂದ?” ಎಂದು ಕೇಳಿದೆ.

“ಮದುವೆಯಾದ ಹೊಸದರಿಂದ. ಉಪ್ಪು ಸರಿಯಿದ್ದ ದಿನ ನೀವು ಪರದೆ, ದಿಂಬು, ನಮ್ಮಣ್ಣನ ಮೀಸೆ, ಯಾವುದನ್ನೂ ಬಿಡ್ತಿರಲಿಲ್ಲ. ಪಾಪ, ಇದೊಂದು ಸಿಕ್ಕಿದ್ರೆ ಖುಷಿಯಾಗಿ ಉಣ್ತೀರಿ.”

ಆ ‘ಪಾಪ’ದಲ್ಲಿ ಎಷ್ಟು ಪ್ರೀತಿಯಿತ್ತೆಂದರೆ, ಜಗಳ ಎಲ್ಲಿಂದ ಶುರುಮಾಡಬೇಕೆಂದೇ ತಿಳಿಯಲಿಲ್ಲ. ಡಬ್ಬಿ ಮುಟ್ಟದೆ ಹಾಗೇ ಉಂಡೆ. ಇನ್ನೊಂದು ಸಲ ಬಡಿಸಿಕೊಂಡೂ ಉಂಡೆ.