ಜಯದೇವಪ್ಪನ ಕಾರಿನ ಹಿಂದಿನ ಸೀಟು

"ಬರೋ ಕಾರ್ತೀಕಕ್ಕೆ ಗುರುಗಳು ಬೀರೂರು ಸ್ಟೇಷನ್‌ನಾಗೆ ಇಳಿದ್ರೆ, ಹತ್ತೋದು ನನ್ನ ಕಾರನ್ನೇ. ಇಲ್ದಿದ್ರೆ ನನ್ನ ಹೆಸರು ಜಯದೇವಪ್ಪನೇ ಅಲ್ಲ ಕಣೇ."

ಅಜ್ಜಂಪುರದ ಈರುಳ್ಳಿ ಮಂಡಿಯ ಜಯದೇವಪ್ಪ ಈ ಭೀಷಣ ಪ್ರತಿಜ್ಞೆ ಮಾಡಿದ್ದು ಎಪ್ಪತ್ತೆಂಟನೇ ಇಸವಿಯ ಯುಗಾದಿಯ ದಿನ, ಬಾಯಲ್ಲಿ ಬೇವುಬೆಲ್ಲ ಇನ್ನೂ ಕರಗದೇ ಇರುವಾಗ. ಹೆಂಡತಿ ವಿಶಾಲಾಕ್ಷಮ್ಮ ಒಬ್ಬಟ್ಟು ತಟ್ಟುತ್ತಲೇ ಕೇಳಿದಳು.

"ಕಾರೆಲ್ಲೈತೆ?"

"ತಗಂತೀನಿ."

"ತಗಳಿ. ಆಮೇಲೆ ಹೆಸರಿನ ವಿಚಾರ ಮಾತಾಡಣ."

ಇಷ್ಟು ದೊಡ್ಡ ಪ್ರತಿಜ್ಞೆಗೆ ಕಾರಣ ಎದುರು ಸಾಲಿನ ಕೊಬ್ಬರಿ ವ್ಯಾಪಾರಿ ಪಂಚಾಕ್ಷರಪ್ಪ. ವರ್ಷಕ್ಕೊಮ್ಮೆ ಮಠದ ಗುರುಗಳು ಮೂರು ದಿನದ ಪೂಜೆಗೆಂದು ಅಜ್ಜಂಪುರಕ್ಕೆ ಬರುತ್ತಿದ್ದರು. ಅವರು ಬರುವ ಎಕ್ಸ್‌ಪ್ರೆಸ್ ರೈಲು ನಮ್ಮೂರ ಸ್ಟೇಷನ್ನನ್ನು ಕಣ್ಣೆತ್ತಿಯೂ ನೋಡುತ್ತಿರಲಿಲ್ಲ. ಹಾಗಾಗಿ ಅವರನ್ನು ಬೀರೂರಿನಿಂದ ಕರೆತರುವ ಭಾಗ್ಯ ಒಂಬತ್ತು ವರ್ಷಗಳಿಂದ ಪಂಚಾಕ್ಷರಪ್ಪನ ಅಂಬಾಸಿಡರಿನದು. ಗುರುಗಳು ಮೂರು ದಿನ ಇದ್ದು ಹೋಗುತ್ತಿದ್ದರು, ಪಂಚಾಕ್ಷರಪ್ಪ ಮಾತ್ರ ವರ್ಷವಿಡೀ "ಗುರುಗಳು ನನ್ನ ಕಾರಲ್ಲಿ ಕೂತಾಗ ಏನಂದ್ರು ಅಂದ್ರೆ..." ಎಂದು ಶುರುಮಾಡುತ್ತಿದ್ದ. ಅದನ್ನು ಒಂಬತ್ತು ವರ್ಷ ಕೇಳಿಸಿಕೊಂಡ ಜಯದೇವಪ್ಪನ ಹೊಟ್ಟೆ ಯಾವ ಕಷಾಯಕ್ಕೂ ಬಗ್ಗದಷ್ಟು ಉರಿಯುತ್ತಿತ್ತು.

ಅಂಬಾಸಿಡರಿಗೆ ಅಂಬಾಸಿಡರನ್ನೇ ಎದುರು ನಿಲ್ಲಿಸಿದರೆ ಏನು ಬಂತು? ಒಮ್ಮೆ ಕಡೂರಿನ ರೈಲ್ವೆ ಗೇಟಿನಲ್ಲಿ ಕಾಫಿ ತೋಟದ ಸಾಹುಕಾರರೊಬ್ಬರ ಜರ್ಮನಿ ಕಾರು ನಿಂತಿದ್ದನ್ನು ಜಯದೇವಪ್ಪ ಕಂಡಿದ್ದ. ಗೇಟು ತೆಗೆದರೂ ಎರಡು ಎತ್ತಿನಗಾಡಿ, ಒಂದು ಲಾರಿ ಮುಂದಕ್ಕೆ ಹೋಗದೆ ಅದನ್ನೇ ನೋಡುತ್ತಾ ನಿಂತಿದ್ದವು. ಆವತ್ತೇ ಅದು ಅವನ ತಲೆಯೊಳಗೆ ಬಂದು ಕೂತಿತ್ತು.

ಹೈಸ್ಕೂಲಿನ ಇಂಗ್ಲಿಷ್ ಮೇಷ್ಟ್ರು ಓಂಕಾರಮೂರ್ತಿ ಆ ಕಾರು ತರಿಸಿಕೊಡುವ ಬೊಂಬಾಯಿಯ ಕಂಪನಿಗೆ ಕಾಗದ ಬರೆದರು. ಒಂದೂವರೆ ತಿಂಗಳಿಗೆ ಉತ್ತರ ಬಂತು, ಜೊತೆಗೆ ನುಣ್ಣನೆಯ ಹಾಳೆಗಳ ಚಿತ್ರದ ಪುಸ್ತಕ. ಮಂಡಿಯ ಹಮಾಲರೆಲ್ಲ ಕೈ ಒರೆಸಿಕೊಂಡು ಬಂದು ಒಂದೊಂದು ಹಾಳೆ ಮುಟ್ಟಿ ಹೋದರು. ಜಯದೇವಪ್ಪ ಈರುಳ್ಳಿ ಚೀಲದ ಮೇಲೆ ಸಿಂಹಾಸನ ಏರಿದವನಂತೆ ಕೂತ. ಮೇಷ್ಟ್ರು ಓದಿದರು.

"ಹೊಸಾದಾದ್ರೆ ಡೆಲ್ಲಿಯಿಂದ ಲೈಸೆನ್ಸ್ ಬೇಕು. ಕಾರಿನ ಬೆಲೆಗಿಂತ ಸುಂಕವೇ ಜಾಸ್ತಿ. ಹಡಗಿನಲ್ಲಿ ಬರಬೇಕು. ಎಲ್ಲಾ ಸೇರಿ ಎರಡೂವರೆ ವರ್ಷ ಆಗಬಹುದು ಅಂತಾರೆ."

"ಎರಡೂವರೆ ವರ್ಷನಾ? ಅಷ್ಟ್ರಲ್ಲಿ ಪಂಚಾಕ್ಷರಿ ಇನ್ನೆರಡು ಸಲ ಕರ್ಕಂಡು ಬಂದಿರ್ತಾನೆ. ಹಳೇದಾದ್ರೆ?"

"ಚಿಕ್ಕಮಗಳೂರಿನ ತೋಟದವರ ಹತ್ರ ಅದೇ ಕಂಪನಿದು ಒಂದಿದೆ. ಹದಿಮೂರು ವರ್ಷದ್ದು. ಮಾರ್ತಾರಂತೆ."

ಅಲ್ಲಿಂದ ಎರಡು ವಾರ ಮಂಡಿಯಲ್ಲಿ ಈರುಳ್ಳಿಯ ಮಾತೇ ಇಲ್ಲ. ಹೊಸದರಲ್ಲಿ ತಣ್ಣಗೆ ಗಾಳಿ ಬೀಸುವ ಯಂತ್ರವಿದೆ, ಹಳೆಯದರಲ್ಲಿ ಗಾಜು ಇಳಿಸಿದರೆ ಅದೇ ಗಾಳಿ. ಹೊಸದರ ಮೈ ತೆಳ್ಳಗೆ, ಹಳೆಯದರ ಬಾಗಿಲು ಮುಚ್ಚಿದರೆ ಗೋದಾಮಿನ ಬಾಗಿಲು ಮುಚ್ಚಿದಂತೆ ಸದ್ದು. ಅಮೃತಮಹಲ್ ಹೋರಿಗಳನ್ನು ನೋಡಿ ಬೆಳೆದ ಜಯದೇವಪ್ಪ ಕೊನೆಗೆ ತೀರ್ಪು ಕೊಟ್ಟ.

"ಹೊಸದು ಎರಡು ಹಲ್ಲಿನ ಹೋರಿ ಮೇಷ್ಟ್ರೇ. ಪಳಗಿಸಬೇಕು, ಎಲ್ಲಿ ಗುದ್ದುತ್ತೋ ಗೊತ್ತಿಲ್ಲ. ಹಳೇದು ಹಲ್ಲೆಲ್ಲಾ ಬಂದು ಬಾಯಿಗೂಡಿದ ಎತ್ತು. ಆಗ್ಲೇ ಹೂಡಿದ್ದು, ದಾರಿ ಗೊತ್ತಿರ್ತದೆ."

ಗಾಡಿಯನ್ನು ಪರೀಕ್ಷೆಗೆಂದು ಕಡೂರಿಗೆ ತರಿಸಿದರು. ಮಂಡಿಯ ಲಾರಿ ಓಡಿಸುತ್ತಿದ್ದ ಕೆಂಚಪ್ಪ ಎಂಜಿನ್ ನೋಡಲು ಬಗ್ಗಿದರೆ, ಜಯದೇವಪ್ಪ ಎತ್ತು ಕೊಳ್ಳುವವರು ನೋಡುವ ಕ್ರಮದಲ್ಲೇ ನೋಡಿದ. ಮುಂದೆ ನಿಂತು ಮುಖ ನೋಡಿದ. ಹಿಂದೆ ನಿಂತು ನಡಿಗೆ ನೋಡಿದ. ಮೈಮೇಲೆ ಕೆಟ್ಟ ಸುಳಿ ಇದೆಯೇ ಎಂದು ಸುತ್ತ ಎರಡು ಸಲ ತಿರುಗಿದ. ಆಮೇಲೆ ಹಿಂಭಾಗಕ್ಕೆ ಫಟ್ಟೆಂದು ಒಂದು ಬಾರಿಸಿದ.

ಜೊತೆಗೆ ಬಂದಿದ್ದ ತೋಟದ ಮ್ಯಾನೇಜರ್ ಹೌಹಾರಿದ. "ಏನ್ರೀ ಮಾಡ್ತಿದೀರಿ?"

"ಬೆದರ್ತದಾ ಅಂತ ನೋಡ್ದೆ. ಬೆದರಲ್ಲ, ಸಾಧು ಐತೆ. ಕೊಡಿ."

ಕೆಂಚಪ್ಪ ಸ್ಟೀರಿಂಗ್ ಹಿಡಿದ. ಹಿಂದಿನ ಸೀಟಿನ ನಟ್ಟನಡುವೆ ಜಯದೇವಪ್ಪ ಕೂತ. ಆಹಾ, ಆ ಸೀಟು! ಕೂತರೆ ಸೊಂಟದವರೆಗೂ ಒಳಗೆ ಇಳಿಸಿಕೊಂಡು, ಮೆತ್ತಗೆ ಮೇಲಕ್ಕೆತ್ತುತ್ತಿತ್ತು. ಕಡೂರಿನಿಂದ ಅಜ್ಜಂಪುರಕ್ಕೆ ನೇರ ಬರುವುದು ಬಿಟ್ಟು, ಷಡ್ಡಕ ನೋಡಲಿ ಎಂದು ತರೀಕೆರೆಗೆ ಹೋಗಿ, ಅಲ್ಲಿಯ ಬಸ್ ಸ್ಟ್ಯಾಂಡಿಗೆ ಮೂರು ಸುತ್ತು ಹಾಕಿಸಿ, ಆಮೇಲೆ ಊರಿಗೆ ಬಂದ. ಆ ನಲವತ್ತು ಮೈಲಿಯಷ್ಟು ಸುಖವನ್ನು ಅವನು ಜೀವಮಾನದಲ್ಲೇ ಕಂಡಿರಲಿಲ್ಲ.

ಕಾರ್ತೀಕ ಬಂತು. ಬೀರೂರು ಸ್ಟೇಷನ್ನಿನ ಮುಂದೆ ಅಂಬಾಸಿಡರೂ ಇತ್ತು, ಜರ್ಮನಿ ಗಾಡಿಯೂ ಇತ್ತು. ಗುರುಗಳು ಹೊರಗೆ ಬಂದವರು ಒಂದು ಕ್ಷಣ ನಿಂತು, "ಯಾರದಪ್ಪ ಇದು?" ಎಂದರು.

ಜಯದೇವಪ್ಪ ಅಡ್ಡಬಿದ್ದು, ನಮ್ಮವರು ಗುರುಗಳ ಮುಂದೆ ಹೇಳುವ ಮಾತನ್ನೇ ಹೇಳಿದ. "ತಮ್ಮದೇ, ಬುದ್ಧಿ."

ಗುರುಗಳು ನಕ್ಕು ಹತ್ತಿ ಕೂತರು. ಮುಂದಿನ ಸೀಟಿನಲ್ಲಿ ಜಯದೇವಪ್ಪ ಹಿಂದಕ್ಕೆ ತಿರುಗಿ, ಕೈಮುಗಿದುಕೊಂಡೇ ಅಜ್ಜಂಪುರದವರೆಗೆ ಬಂದ. ಕತ್ತು ಉಳುಕಿತು, ಆದರೆ ಹಿಂದಿನ ಗಾಜಿನಲ್ಲಿ ಪಂಚಾಕ್ಷರಪ್ಪನ ಅಂಬಾಸಿಡರ್ ಅವನ ಧೂಳು ಕುಡಿಯುತ್ತಾ ಬರುವುದು ಚೆನ್ನಾಗಿ ಕಾಣುತ್ತಿತ್ತು. ಅವನಿಗೆ ಸಂತೋಷದಿಂದ ಕಣ್ಣಲ್ಲಿ ನೀರು ಬಂತು.

ಗುರುಗಳು ಮಠಕ್ಕೆ ಮರಳಿದ ಮಾರನೆಯ ದಿನ, ಗರಿಗರಿ ಪಂಚೆ ಉಟ್ಟು ಕಡೂರಿಗೆ ಹೊರಟ ಜಯದೇವಪ್ಪ ಕಾರಿನ ಹಿಂದಿನ ಬಾಗಿಲು ತೆಗೆದರೆ, ಒಳಗೆ ಊದುಬತ್ತಿಯ ಹೊಗೆ. ಸೀಟಿನ ಮೇಲೆ ಕಾವಿ ಬಣ್ಣದ ರೇಷ್ಮೆ ವಸ್ತ್ರ, ಅದರ ಮೇಲೆ ಒಂದು ಜೊತೆ ಪಾದುಕೆ, ಬಿಲ್ವಪತ್ರೆ, ಎರಡು ಬಾಳೆಹಣ್ಣು.

"ಮುಟ್ಟಬೇಡಿ" ಎಂದಳು ವಿಶಾಲಾಕ್ಷಮ್ಮ. "ಗುರುಗಳು ಕೂತ ಜಾಗ. ಗದ್ದುಗೆ ಅದು."

"ಲೇ, ಸೀಟು ಕಣೇ ಅದು."

"ನಿನ್ನೆವರೆಗೂ ಸೀಟು. ಗುರುಗಳು ಕೂತಲ್ಲಿ ನಿಮ್ಮ ಕುಂಡಿ ಇಡ್ತೀರಾ?"

"ಪಂಚಾಕ್ಷರಿ ಒಂಬತ್ತು ವರ್ಷದಿಂದ ಕೂರ್ತಾವ್ನಲ್ಲ?"

"ಅದಕ್ಕೇ ಅವ್ರಿಗೆ ಸಕ್ಕರೆ ಕಾಯಿಲೆ ಬಂದೈತೆ."

ಜಯದೇವಪ್ಪ ಹಿಂದಿನ ಬಾಗಿಲು ಮೆಲ್ಲಗೆ ಮುಚ್ಚಿದ. ಅವನಿಗೆ ಗುರುಗಳ ಮೇಲೆ ಭಕ್ತಿ ಇತ್ತು, ಸಕ್ಕರೆ ಕಾಯಿಲೆಯ ಮೇಲೆ ಭಯವೂ ಇತ್ತು. ಮುಂದಿನ ಸೀಟಿನಲ್ಲಿ ಕೂತ. ಸೋಮವಾರ ಬಂದರೆ ಕೇರಿಯ ಹೆಂಗಸರೆಲ್ಲ ಕಾರಿಗೆ ಸುತ್ತು ಬರತೊಡಗಿದರು. ಗುರುಶಾಂತಮ್ಮ ಎಂಬಾಕೆ ಬಸುರಿ ಸೊಸೆಯನ್ನು ಕರೆತಂದು ಬಾನೆಟ್ಟಿಗೆ ಹಣೆ ಹಚ್ಚಿಸಿದಳು, ಅವಳಿಗೆ ಗಂಡು ಮಗು ಹುಟ್ಟಿತು. ಅಲ್ಲಿಗೆ ಕಾರಿನ ಮಹಿಮೆ ಬುಕ್ಕಾಂಬುಧಿವರೆಗೂ ಹಬ್ಬಿತು. ಕೆಂಚಪ್ಪ ಬೀಡಿ ಬಿಟ್ಟ. ಜಯದೇವಪ್ಪ ಚಪ್ಪಲಿ ಕೈಯಲ್ಲಿ ಹಿಡಿದು ಕಾರು ಹತ್ತುವ ಹಾಗಾಯಿತು.

ಬೇಸತ್ತು ಒಂದು ದಿನ ಕಡೂರಿನ ದಲ್ಲಾಳಿ ಓಬಳಪ್ಪನಿಗೆ ಗುಟ್ಟಾಗಿ ಗಾಡಿ ತೋರಿಸಿದ. ಓಬಳಪ್ಪ ಹಿಂದಿನ ಬಾಗಿಲು ತೆಗೆದವನೇ ಗಲ್ಲ ಗಲ್ಲ ಬಡಿದುಕೊಂಡ. "ಜಯದೇವಣ್ಣ, ಕಾರಾದ್ರೆ ಮಾರಿಸಿಕೊಡ್ತೀನಿ. ದೇವಸ್ಥಾನ ನನ್ನ ಕೈಲಾಗಲ್ಲ."

ಮುಂದಿನ ಕಾರ್ತೀಕದ ಹೊತ್ತಿಗೆ ಜಯದೇವಪ್ಪನಿಗೆ ಉಳಿದಿದ್ದು ಒಂದೇ ಸಮಾಧಾನ. ಹಿಂದಿನ ಸೀಟು ಹೋದರೂ ಗುರುಗಳು ಅವನ ಕಾರಿನಲ್ಲೇ ತಾನೇ ಬರುವುದು? ಬೀರೂರಿಗೆ ಹೊರಡುವ ಮುಂಚೆ ಒಂದು ಮಾತು ಹೇಳಿ ನೋಡಿದ.

"ಇವತ್ತೊಂದಿನ ಆ ಪಾದುಕೆ ತೆಗಿಯೇ. ಗುರುಗಳು ಕೂರಬೇಕಲ್ಲ?"

"ಗದ್ದುಗೆ ನಾವು ನೀವು ಅಲ್ಲಾಡಿಸೋದಲ್ಲ. ಅವ್ರದ್ದು, ಅವ್ರೇ ತೆಗೀತಾರೆ" ಎಂದು ವಿಶಾಲಾಕ್ಷಮ್ಮ ಇನ್ನೊಂದು ಹಾರ ಹಾಕಿ, ತಾನೂ ಮುಂದೆ ಗಂಡನನ್ನು ಒತ್ತರಿಸಿಕೊಂಡು ಕೂತಳು.

ಸ್ಟೇಷನ್ನಿನ ಮುಂದೆ ಜಯದೇವಪ್ಪ ಎದೆಯುಬ್ಬಿಸಿ ಹಿಂದಿನ ಬಾಗಿಲು ತೆಗೆದ. ಒಂದು ಕಾಲು ಎತ್ತಿದ್ದ ಗುರುಗಳು ಹಾಗೇ ನಿಂತರು. ವಸ್ತ್ರ ನೋಡಿದರು, ಪಾದುಕೆ ನೋಡಿದರು, ಹಾರ ನೋಡಿದರು. ಕಾಲು ಕೆಳಗಿಟ್ಟು, ಸೀಟಿಗೆ ಎರಡೂ ಕೈ ಜೋಡಿಸಿದರು.

"ಇಲ್ಲಿ ಆಗಲೇ ಗುರುಗಳು ಕೂತಿದ್ದಾರಲ್ಲಪ್ಪ. ನಾವೆಲ್ಲಿ ಕೂರೋದು?"

ಜಯದೇವಪ್ಪ ಬಾಯಿ ತೆರೆಯುವಷ್ಟರಲ್ಲಿ ಪಂಚಾಕ್ಷರಪ್ಪ ಅಂಬಾಸಿಡರಿನ ಬಾಗಿಲು ತೆರೆದಿದ್ದ. ಗುರುಗಳು ಅದನ್ನು ಹತ್ತಿದರು. ಅಂಬಾಸಿಡರ್ ಹೋಗೇಬಿಟ್ಟಿತು.

ಜಯದೇವಪ್ಪನಿಗೆ ಅಳುವೇ ಬಂತು. ಆದರೂ ಒಳಗೊಳಗೇ ಒಂದು ಆಸೆ ತಲೆಯೆತ್ತಿತು. ಮಾನ ಹೋಯಿತು, ಹೋಗಲಿ. ಇನ್ನಾದರೂ ಇವಳಿಗೆ ಬುದ್ಧಿ ಬಂದು ತನ್ನ ಸೀಟು ತನಗೆ ಸಿಗುತ್ತದೆ. ತಿರುಗಿ ನೋಡಿದರೆ ವಿಶಾಲಾಕ್ಷಮ್ಮ ಆನಂದದಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು.

"ನೋಡಿದ್ರೇನ್ರೀ? ಗುರುಗಳೇ ಕೈ ಮುಗಿದು ಹೋದ್ರು. ಇನ್ಮೇಲೆ ಮುಂದಿನ ಸೀಟಲ್ಲೂ ನಾವು ಕೂರಂಗಿಲ್ಲ."

"ಮತ್ತೆ ಕೆಂಚಪ್ಪ ಕೂತವ್ನಲ್ಲೇ?"

"ಅವ್ನು ಪೂಜಾರಿ ಇದ್ದಂಗೆ. ನಡೀರಿ, ಅಜ್ಜಂಪುರದ ಬಸ್ಸು ಹೊರಡ್ತೈತೆ."

ಕೆಂಚಪ್ಪ ಬರಿಗಾಲಲ್ಲಿ ಆಕ್ಸಿಲರೇಟರ್ ಒತ್ತಿದ. ಖಾಲಿ ಕಾರು ಊದುಬತ್ತಿಯ ಹೊಗೆ ಬಿಡುತ್ತಾ ಮುಂದೆ ಹೋಯಿತು. ಅದರ ಹಿಂದೆ ಹೊರಟ ಬಸ್ಸಿನಲ್ಲಿ ಹೆಂಗಸರ ಸೀಟು ಒಂದು ಖಾಲಿಯಿತ್ತು, ಅದರಲ್ಲಿ ವಿಶಾಲಾಕ್ಷಮ್ಮ ಕೂತಳು. ಮೂರು ತಾಲ್ಲೂಕಿಗೇ ದೊಡ್ಡ ಕಾರಿನ ಮಾಲೀಕ ಜಯದೇವಪ್ಪ ಅಜ್ಜಂಪುರದವರೆಗೂ ಕಂಬಿ ಹಿಡಿದು ನಿಂತೇ ಬಂದ.