ವಿಮಾನಕ್ಕಿಂತ ಮೊದಲೇ ಹೊರಟ ಬ್ಯಾಗು

"ರಾಕೆಟ್ ಹಾರಿಸುವವರ ಮನೆಗೆ ರೈಲಿನಲ್ಲಿ ಹೋಗುವುದುಂಟಾ? ಛೆ! ನಾನು ವಿಮಾನದಲ್ಲೇ ಬರುವುದು!"

ಎರ್ನಾಕುಳಂನ ಸರ್ಕಾರಿ ಕಚೇರಿಯ ಸೂಪರಿಂಟೆಂಡೆಂಟ್ ಕೃಷ್ಣಾನಂದರು ಗುಡುಗಿದರು. ಒಬ್ಬಳೇ ಮಗಳು ಸಮೀಕ್ಷಾಳ ನಿಶ್ಚಿತಾರ್ಥ ಶನಿವಾರ ಮಧ್ಯಾಹ್ನ ತಿರುವನಂತಪುರದಲ್ಲಿ. ಹುಡುಗ ಅಭಿಜಿತ್ ಅಲ್ಲಿನ ತುಂಬ ರಾಕೆಟ್ ಕೇಂದ್ರದಲ್ಲಿ ವಿಜ್ಞಾನಿ. ಮಗಳ ತಾಂಬೂಲವನ್ನು ತಾವೇ ಕೈಯಾರೆ ಕೊಡಬೇಕೆಂಬುದು ಅವರ ಬಹುಕಾಲದ ಆಸೆ. ಬೀಗರ ಊರಿಗೆ ಆಕಾಶದಿಂದಲೇ ಇಳಿಯಬೇಕೆಂಬುದು ಹೊಸ ಚಪಲ.

ಹೆಂಡತಿ ಸುಮಿತ್ರ ನಕ್ಕರು. "ಅರ್ಧ ಗಂಟೆ ಹಾರ್ಲಿಕ್ಕೆ ನೆಡುಂಬಾಶ್ಶೇರಿ ಏರ್‌ಪೋರ್ಟಿನವರೆಗೆ ಒಂದು ಗಂಟೆ ಹೋಗ್ಬೇಕು, ಅಲ್ಲಿ ಎರಡು ಗಂಟೆ ಕಾಯ್ಬೇಕು. ತೆಂಕು ಕಡೆಗೆ ಹೋಗ್ಲಿಕ್ಕೆ ಬಡಗು ಕಡೆಗೆ ಹೊರಡೋರು ನೀವೊಬ್ರೇ ಮಾರಾಯ್ರೆ!"

"ನೀವು ಮುಂಜಾನೆ ಎದ್ದು ರೈಲು ಹಿಡಿದು ಒದ್ದಾಡಿ. ನಾನು ದೋಸೆ ತಿಂದು ಹಾರಿ ಬರ್ತೇನೆ!"

ಅಷ್ಟರಲ್ಲಿ ಪಂಚಾಂಗ ಅಡ್ಡ ಬಂತು. ಮನೆ ಬಿಡುವ ಹೊತ್ತು ಸರಿಯಾಗಿ ರಾಹುಕಾಲ! ಆದರೆ ಹಿರಿಯರು ದಡ್ಡರೇ? ಒಳ್ಳೆಯ ಗಳಿಗೆಯಲ್ಲಿ ಪ್ರಯಾಣದ ಗಂಟನ್ನು ನೆರೆಮನೆಯಲ್ಲಿಟ್ಟು ಬಂದರೆ ಯಜಮಾನ ಹೊರಟಂತೆಯೇ ಲೆಕ್ಕ. ಇದೇ ಪ್ರಸ್ಥಾನ. ಹೆಂಡತಿ ಕಂಡರೆ ಮತ್ತೆ ನಗುತ್ತಾಳೆಂದು, ಕೃಷ್ಣಾನಂದರು ಶುಕ್ರವಾರ ಸಂಜೆ ಕಳ್ಳಹೆಜ್ಜೆಯಲ್ಲಿ ಪಕ್ಕದ ಮನೆಗೆ ಹೋಗಿ ಬ್ಯಾಗನ್ನು ಪ್ರೇಮ ಚೇಚಿಯ, ಅಂದರೆ ಪ್ರೇಮಕ್ಕನ, ಕೈಗಿತ್ತರು. ಅದರಲ್ಲಿ ರೇಷ್ಮೆ ಶಾಲು, ಗುರುತಿನ ಚೀಟಿ, ವಿಮಾನದ ಟಿಕೆಟ್ಟು ಎಲ್ಲವೂ ಇದ್ದವು. "ಇದು ತಿರುವನಂತಪುರದ್ದು" ಎಂದಷ್ಟೇ ಹೇಳಿದರು. ಮಲಯಾಳಿ ಚೇಚಿಗೆ ಪ್ರಸ್ಥಾನದ ಗಂಧಗಾಳಿಯೂ ಇರಲಿಲ್ಲ. "ಶರಿ ಸಾರೇ" ಎಂದು ಒಳಗಿಟ್ಟುಕೊಂಡಳು.

ಮರುದಿನ ಒಂಬತ್ತೂವರೆಗೆ ಟ್ಯಾಕ್ಸಿ ನಿಲ್ಲಿಸಿ ನೋಡಿದರೆ, ಚೇಚಿಯ ಮನೆಗೆ ಬೀಗ!

ಕೃಷ್ಣಾನಂದರು ಹೆಂಡತಿಗೆ ಫೋನ್ ಮಾಡಿದರು. "ಪ್ರೇಮ ಎಲ್ಲಿ?"

"ನನ್ನ ಪಕ್ಕದಲ್ಲೇ. ನಿಶ್ಚಿತಾರ್ಥಕ್ಕೆ ಕರೆದವರು ನೀವೇ ಅಲ್ವಾ?"

"ನನ್ನ ಬ್ಯಾಗು?"

"ಅದೂ ಉಂಟು. ಚೇಚಿ ಜೋಪಾನವಾಗಿ ತಂದಿದ್ದಾಳೆ. ನೀವು ಕೈ ಬೀಸಿಕೊಂಡು ಹಾರಿ ಬರ್ತೀರೇನೋ ಅಂದ್ಕೊಂಡೆ. ಕೊಲ್ಲಂ ದಾಟಿದೆವು, ಹೇಳಿ!"

ವಿಮಾನ ಅತ್ತ ಹಾರಿತು. ಇತ್ತ ಕೃಷ್ಣಾನಂದರು ಸೂಪರ್ ಫಾಸ್ಟ್ ಎಂಬ ಹೆಸರಿನ ಬಸ್ಸು ಹತ್ತಿದರು. ಹೆಸರಿಗೂ ನಡತೆಗೂ ಸಂಬಂಧವೇ ಇರಲಿಲ್ಲ. ದಾರಿಯುದ್ದಕ್ಕೂ ಮೆರವಣಿಗೆ, ರೈಲ್ವೆ ಗೇಟು, ಚಾಲಕರ ಊಟ! ಮಗಳ ತಾಂಬೂಲದ ಹೊತ್ತಿಗೆ ಅವರು ಒಂದು ಗೋಣಿ ಒಣಮೀನಿನ ಪಕ್ಕದಲ್ಲಿ ಮೂಗು ಮುಚ್ಚಿ ಕೂತಿದ್ದರು. ನಿಜಕ್ಕೂ ಕಣ್ಣು ಒದ್ದೆಯಾಯಿತು.

ಮಬ್ಬುಗತ್ತಲಲ್ಲಿ, ಬೆವರಿ ಮುದ್ದೆಯಾದ ಅಂಗಿಯಲ್ಲಿ ಬೀಗರ ಮನೆ ಸೇರಿದಾಗ ಮಗಳು ಓಡಿ ಬಂದು, "ಅಚ್ಛಾ, ಎವಿಡೆಯಾಯಿರುನ್ನು? ಎಲ್ಲಿದ್ರಿ ಅಪ್ಪಾ?" ಎಂದು ಕೈ ಹಿಡಿದಳು. ಅವಳ ಬೆರಳಲ್ಲಿ ಹೊಸ ಉಂಗುರ.

"ತಾಂಬೂಲ ಯಾರು ಕೊಟ್ಟದ್ದು?" ಕೃಷ್ಣಾನಂದರು ಉಂಗುರ ನೋಡುತ್ತ ಕೇಳಿದರು.

"ನೀವೇ!" ಎಂದರು ಸುಮಿತ್ರ. "ಚೇಚಿ ಬ್ಯಾಗಿನ ಕಥೆ ಹೇಳಿದ್ದೇ, ಭಟ್ರು ಇದು ಪ್ರಸ್ಥಾನ, ಪ್ರಸ್ಥಾನ ಬಂದ್ರೆ ಯಜಮಾನ ಬಂದ ಹಾಗೆ ಅಂದ್ರು. ಬ್ಯಾಗನ್ನು ಮಣೆ ಮೇಲೆ ಕೂರಿಸಿ, ಶಾಲು ಹೊದೆಸಿ, ತಟ್ಟೆ ಮುಟ್ಟಿಸಿ ಕೊಟ್ಟದ್ದು. ಬೀಗರಿಗೆ ಭಾರೀ ಖುಷಿ!"

"ಹೌದಾ? ಏನಂದ್ರು?"

"ಬೀಗರು ಇಷ್ಟು ಕಡಿಮೆ ಮಾತಿನವರು ಅಂತ ಗೊತ್ತಿರಲಿಲ್ಲ, ಮದುವೆಗೂ ಬ್ಯಾಗನ್ನೇ ಕಳಿಸಿಬಿಡಿ ಅಂದ್ರು!"