ಕರಿಯನ ಕಣ್ಣಿನ ವಿಚಾರವಾಗಿ ಜಲ್ಲಿ ಕ್ರಷರಿಗೆ

ಮಾನ್ಯ ಜಲ್ಲಿ ಕ್ರಷರ್ ಮಹಾಶಯರೇ,

ನಂದಗುಡಿ ಹೋಬಳಿಯ ನಮ್ಮೂರ ಗುಡ್ಡವನ್ನು ಹಗಲೆಲ್ಲ ಅಗಿದು ನುಣ್ಣಗೆ ಮಾಡುತ್ತಿರುವ ತಮಗೆ, ಕೆಮ್ಮು ನಮಗೆ ಬಿಡುವು ಕೊಟ್ಟ ಈ ಹೊತ್ತಿನಲ್ಲಿ ನಮ್ಮ ಬೀದಿಯ ಸಮಸ್ತರ ನಮಸ್ಕಾರಗಳು. ತಮ್ಮ ಮಾಲೀಕರು ನಮ್ಮ ಅರ್ಜಿಗಳಿಗೆ ತುಟಿ ಬಿಚ್ಚದ ಕಾರಣ, ತಪ್ಪದೆ ಸದ್ದು ಮಾಡುವ ತಮಗೇ ಬರೆಯುವುದು ಮರ್ಯಾದೆಯೆಂದುಕೊಂಡೆ.

ಕರಿಯ ನಮ್ಮ ಪಕ್ಕದ ಮನೆಯ ಮುನಿಗಂಗಮ್ಮನವರ ನಾಯಿ. ಅವರ ಮೇಕೆಗಳನ್ನು ಕಾದು ಮನೆ ಸೇರಿಸುವ ಏಕೈಕ ನೌಕರ. ತಮ್ಮ ಧೂಳಿನ ಪ್ರಸಾದ ಸಿಕ್ಕಂದಿನಿಂದ ಅವನ ಕಣ್ಣು ಕೆಂಪಾಗಿ, ಗೀಜು ಕಟ್ಟಿ, ಮುಖವನ್ನು ಗೋಡೆಗೆ ಉಜ್ಜುತ್ತ, ಗುರುತು ಸಿಗದೆ ಅನ್ನ ಹಾಕಿದವರಿಗೇ ಬೊಗಳುತ್ತಿದ್ದಾನೆ. ಅವನ ಕಣ್ಣು ಹೋದರೆ ಮೇಕೆಗಳೂ ಹೋದಂತೆಯೇ.

ದನದ ಕಣ್ಣು ಮಂಜಾದರೆ ಎಲೆಯಡಿಕೆಗೆ ಉಪ್ಪು ಸೇರಿಸಿ ಅಗಿದು ಕಣ್ಣಿಗೇ ಉಗಿಯುವುದು ನಮ್ಮೂರ ಪದ್ಧತಿ. ಎದುರುಮನೆಯ ಹಿರಿಯರಾದ ಪಿಳ್ಳಣ್ಣನವರು ಹಾಗೇ ಬಾಯಿ ತುಂಬಿಕೊಂಡು ಬಂದಾಗ ನಾನು ಪಶು ಇಲಾಖೆಯ ಕರಪತ್ರ ಹಿಡಿದು ಅಡ್ಡ ನಿಂತೆ. ಅವರು ರಸವನ್ನೆಲ್ಲ ನುಂಗಿ, "ನಮ್ ಎಮ್ಮೆಗೆ ವಾಸಿಯಾಗ್ಲಿಲ್ವೇನಮ್ಮಾ? ನಿನ್ ಕಾಗ್ದ ಬಂದು ಉಗಿಯುತ್ತಾ?" ಎಂದು ಕೇಳಿದರು.

ಕರಪತ್ರ ಹೇಳಿದಂತೆ ಕಾಯಿಸಿ ಆರಿಸಿದ ನೀರಲ್ಲಿ ಹತ್ತಿ ಅದ್ದಿ ಒರೆಸಿದೆವು. ಕೆರೆದುಕೊಳ್ಳದಿರಲೆಂದು ತಳ ಕೊಯ್ದ ಬಕೆಟ್ಟನ್ನು ಕೊರಳಿಗೆ ಹಾಕಿದೆವು. ಪಶುವೈದ್ಯರು ಬಲಗಣ್ಣಿನ ಗುಡ್ಡೆಯ ಮೇಲೆ ಹುಣ್ಣು ಕಂಡು, ಡ್ರಾಪ್ಸ್ ಬರೆದು, "ಧೂಳಿಂದ ದೂರ ಇಡ್ರಮ್ಮ, ಇಲ್ದಿದ್ರೆ ಈ ಕಣ್ಣು ನಿಲ್ಲಲ್ಲ" ಎಂದರು.

ದೂರ ಇಡಲು ಊರನ್ನೇ ಎತ್ತಿಡಬೇಕಾಗಿರುವುದರಿಂದ ತಮ್ಮಲ್ಲಿ ವಿನಂತಿ: ಅಂಥದೇ ಬಕೆಟ್ಟೊಂದನ್ನು ತಮ್ಮ ಅಳತೆಗೆ ಮಾಡಿಸಿಕೊಂಡು ತಾವೇ ಧರಿಸಬೇಕು. ಅಧಿಕಾರಿಗಳು ಬರುವ ದಿನ ಮಾತ್ರ ಟ್ಯಾಂಕರ್ ನೀರಿನಿಂದ ನಡೆಯುವ ತಮ್ಮ ಮಂಗಳಸ್ನಾನ ದಿನವೂ ನಡೆಯಬೇಕು. ಇವೆರಡೂ ಘನತೆಗೆ ಕುಂದೆನಿಸಿದರೆ, ಅಗಿದದ್ದನ್ನು ಪಿಳ್ಳಣ್ಣನವರಂತೆ ನುಂಗುವುದನ್ನಾದರೂ ಕಲಿಯಬೇಕು. ಕಣ್ಣು ಬಿಟ್ಟು ಬದುಕುವ ಹಕ್ಕು ಎರಡು ಕಾಲಿನವರಿಗೆ ಮಾತ್ರವೆಂದು ನಾನು ಓದಿದ ಯಾವ ಕರಪತ್ರದಲ್ಲೂ ಇಲ್ಲ.

ತಮ್ಮ ಧೂಳಿನಲ್ಲೂ ಕಣ್ಣು ಮುಚ್ಚದ ವಿಶ್ವಾಸಿ,
ಅಮ್ರೀನ್

ಮರೆತ ಮಾತು: ಕಳೆದ ವಾರ ತಮ್ಮ ಬೆಲ್ಟು ಹರಿದು ತಾವು ಮಲಗಿದ್ದಿರಷ್ಟೆ. ಆಗಲೇ ಕರಿಯ ಎಡಗಣ್ಣನ್ನು ಪೂರ್ತಿ ತೆರೆದು, ಮುನಿಗಂಗಮ್ಮನವರನ್ನು ಗುರುತಿಸಿ, ಬಕೆಟ್ಟಿನ ಸಮೇತ ಅವರ ಮಡಿಲಿಗೆ ನುಗ್ಗಿದ. ಬಲಗಣ್ಣಿಗೂ ಅದೇ ಮದ್ದು ಬೇಕಾಗಿದೆ. ತಾವು ಆದಷ್ಟು ಬೇಗ ಮತ್ತೆ ಹಾಸಿಗೆ ಹಿಡಿಯಿರೆಂದು ಹಾರೈಸುತ್ತೇವೆ.